ಕಂಪೈಲ್ ಮಾಡಲೇಬೇಕಾದಾಗ ನಾನು ಮಾಡುವ ಕ್ರಮ

ಬೇಕಾದ ತಂತ್ರಾಂಶವನ್ನು ಸೋರ್ಸ್‌ನಿಂದ (ಬರೆದ ಮೂಲ ಕೋಡಿನಿಂದ) ನೀವೇ ಕಂಪೈಲ್ ಮಾಡಿಕೊಳ್ಳಿ, ಅಂದರೆ ಓಡುವ ಪ್ರೋಗ್ರಾಂ ಆಗಿಸಿಕೊಳ್ಳಿ ಎಂದು ಸಾಮಾನ್ಯ ಬಳಕೆದಾರರಿಗೆ ಹೇಳುವುದು ಸರಿಯಲ್ಲ. ಸೋರ್ಸ್ ಎಲ್ಲರಿಗೂ ಸಿಗಬೇಕು, ಆದರೆ ಅದನ್ನು ಬಿಲ್ಡ್ ಮಾಡುವ ಹೊಣೆ ಪ್ಯಾಕೇಜ್ ಕೊಡುವವರದ್ದು. ಕಂಪೈಲ್ ಮಾಡುವುದಕ್ಕೇ ಹೆಸರಾದ ಜೆಂಟೂ ಎಂಬ ಲಿನಕ್ಸ್ ಕೂಡ 2023ರ ಡಿಸೆಂಬರ್ ಕೊನೆಯಲ್ಲಿ ಸಿದ್ಧ ಬೈನರಿ (ಆಗಲೇ ಕಂಪೈಲ್ ಆದ) ಪ್ಯಾಕೇಜುಗಳನ್ನು ದೊಡ್ಡ ಪ್ರಮಾಣದಲ್ಲಿ ಕೊಡತೊಡಗಿತು.

ಬೇರೆ ದಾರಿಯೇ ಇಲ್ಲದ ಸಂದರ್ಭಗಳೂ ಇವೆ. ವಿಡಿಯೊ, ಆಡಿಯೊ ಪರಿವರ್ತಿಸುವ ಎಫ್‌ಎಫ್‌ಎಂಪೆಗ್‌ನಲ್ಲಿ ಎಕ್ಸ್‌264 (ವಿಡಿಯೊ ಎನ್‌ಕೋಡರ್) ಮತ್ತು ಎಫ್‌ಡಿಕೆ-ಎಎಸಿ (ಆಡಿಯೊ ಎನ್‌ಕೋಡರ್) ಎರಡೂ ಬೇಕೆಂದರೆ ಅವುಗಳ ಪರವಾನಗಿಗಳು ಒಂದಕ್ಕೊಂದು ಹೊಂದುವುದಿಲ್ಲ. ಹಾಗೆ ಸೇರಿಸಿದ ಬೈನರಿಯನ್ನು ಯಾರೂ ಹಂಚುವಂತಿಲ್ಲ, ನಾವೇ ಕಂಪೈಲ್ ಮಾಡಿಕೊಳ್ಳಬೇಕು.

ಡೆಬಿಯನ್ ಲಿನಕ್ಸ್‌ನಲ್ಲಿ ಮೊದಲು ಸೋರ್ಸ್ ರೆಪೊಸಿಟರಿ ಮತ್ತು ನಾನ್-ಫ್ರೀ (ಮುಕ್ತವಲ್ಲದ ಪರವಾನಗಿಯ) ವಿಭಾಗ ತೆರೆದು, ಪ್ಯಾಕೇಜ್ ಹಾಕುವ ಆಪ್ಟ್‌ನ ಬಿಲ್ಡ್-ಡೆಪ್ ಆಜ್ಞೆಯಿಂದ ಬಿಲ್ಡ್‌ಗೆ ಬೇಕಾದ ಪ್ಯಾಕೇಜುಗಳನ್ನೆಲ್ಲ ಒಟ್ಟಿಗೆ ಹಾಕಿಸುತ್ತೇನೆ. ಎಫ್‌ಡಿಕೆಯ ಡೆವ್ (ಕಂಪೈಲ್ ಮಾಡಲು ಬೇಕಾದ ಕಡತಗಳ) ಪ್ಯಾಕೇಜನ್ನು ಪ್ರತ್ಯೇಕವಾಗಿ ಹಾಕಬೇಕು. ಆಮೇಲೆ ಸೋರ್ಸ್‌ನಲ್ಲಿರುವ, ಬಿಲ್ಡ್‌ಗೆ ಸಿದ್ಧತೆ ಮಾಡುವ ಕಾನ್ಫಿಗರ್ ಸ್ಕ್ರಿಪ್ಟ್‌ಗೆ ಜಿಪಿಎಲ್ (ಎಕ್ಸ್‌264ರ ಪರವಾನಗಿ), ನಾನ್‌ಫ್ರೀ, ಎಕ್ಸ್‌264, ಎಫ್‌ಡಿಕೆ ಇಷ್ಟನ್ನೂ ಎನೇಬಲ್ ಮಾಡಲು ಹೇಳಿ, ಪ್ರಿಫಿಕ್ಸ್ (ಇನ್‌ಸ್ಟಾಲ್ ಆಗುವ ಜಾಗ) ಆಗಿ ಹೋಮ್‌ನೊಳಗಿನ ಒಂದು ಹೊಸ ಫೋಲ್ಡರ್ ಕೊಡುತ್ತೇನೆ. ರೂಟ್ (ಸಿಸ್ಟಂನ ಅಡ್ಮಿನ್) ಆಗಿ ಇನ್‌ಸ್ಟಾಲ್ ಮಾಡುವ ಅಗತ್ಯವೇ ಬೀಳದು. ಬೇಡವಾದ ದಿನ ಆ ಫೋಲ್ಡರ್ ಅಳಿಸಿದರೆ ಮುಗಿಯಿತು.

ಹೆಚ್ಚಿನವರು ಎಡವುವುದು ಕಾನ್ಫಿಗರ್‌ನಲ್ಲೇ. ಲೈಬ್ರರಿ ಸಿಸ್ಟಂನಲ್ಲಿದ್ದರೂ "ಸಿಗಲಿಲ್ಲ" ಎಂದು ನಿಲ್ಲುತ್ತದೆ. ಇರುವುದು ಪ್ರೋಗ್ರಾಂ ಓಡಿಸಲು ಬೇಕಾದ ಕಡತ ಮಾತ್ರ. ಕಂಪೈಲರ್ ಓದುವ ಹೆಡರ್‌ಗಳೂ, ಲೈಬ್ರರಿ ಹುಡುಕಿಕೊಡುವ ಪಿಕೆಜಿ-ಕಾನ್ಫಿಗ್ ನೋಡುವ ಕಡತವೂ ಡೆವ್ ಪ್ಯಾಕೇಜಿನಲ್ಲಿರುತ್ತವೆ. ಸೋರ್ಸ್‌ನೊಳಗಿನ ಎಫ್‌ಎಫ್‌ಬಿಲ್ಡ್ ಫೋಲ್ಡರಿನ ಕಾನ್ಫಿಗ್ ಲಾಗ್ ತೆರೆದು ಕೊನೆಯ ಸಾಲುಗಳನ್ನು ಓದಿ, ನಿಜವಾದ ಕಾರಣ ಅಲ್ಲಿರುತ್ತದೆ. ನ್ಯಾಸ್ಮ್ (ವೇಗಕ್ಕೆಂದು ಬರೆದ ಅಸೆಂಬ್ಲಿ ಕೋಡನ್ನು ಬಿಲ್ಡ್ ಮಾಡುವ ಸಾಧನ) ಇಲ್ಲವೆಂಬ ದೂರು ಬಂದಾಗ, ಅಸೆಂಬ್ಲಿ ಭಾಗ ಕೈಬಿಡುವ ಆಯ್ಕೆಯನ್ನೂ ಅದೇ ಸಂದೇಶ ತೋರಿಸುತ್ತದೆ. ಅದನ್ನು ದಯವಿಟ್ಟು ಆರಿಸಬೇಡಿ. ಬಿಲ್ಡ್ ಆಗುತ್ತದೆ, ವೇಗ ಮಾತ್ರ ತೀರಾ ಕುಸಿಯುತ್ತದೆ.

ಮುಂದೆ ಕಂಪೈಲ್ ನಡೆಸುವ ಮೇಕ್‌ಗೆ, ಪ್ರೊಸೆಸರಿನ ಕೋರ್‌ಗಳಿದ್ದಷ್ಟು ಕೆಲಸ ಒಟ್ಟಿಗೆ ಕೊಡಬಹುದು. ಆದರೆ ಸಿ++ನ ದೊಡ್ಡ ತಂತ್ರಾಂಶವಾದರೆ ಒಂದೊಂದು ಕೆಲಸಕ್ಕೂ 2 ಜಿಬಿ ಲೆಕ್ಕ ಹಿಡಿಯುತ್ತೇನೆ: 8 ಜಿಬಿ ರ‍್ಯಾಮ್‌ಗೆ 4. ಕಂಪೈಲರ್ ನಡುವೆ "ಕಿಲ್ಡ್" ಎಂದು ಸತ್ತರೆ ಅದು ಸಾಮಾನ್ಯವಾಗಿ ಕೋಡಿನ ತಪ್ಪಲ್ಲ, ಮೆಮೊರಿ ಸಾಲದೆ ಕರ್ನಲ್ ಅದನ್ನು ನಿಲ್ಲಿಸಿರುತ್ತದೆ.

ಇನ್‌ಸ್ಟಾಲ್ ಆದಮೇಲೂ ಹಳೆಯದೇ ಓಡಿದರೆ, ಹೊಸ ಬಿನ್ (ಪ್ರೋಗ್ರಾಂ ಇರುವ) ಫೋಲ್ಡರ್ ಪಾತ್‌ನಲ್ಲಿ, ಅಂದರೆ ಪ್ರೋಗ್ರಾಂ ಹುಡುಕುವ ಫೋಲ್ಡರುಗಳ ಪಟ್ಟಿಯಲ್ಲಿ, ಮುಂದಿದೆಯೇ ನೋಡಿ, ಹೊಸ ಟರ್ಮಿನಲ್ ತೆರೆಯಿರಿ.

ಮುಂದಿನ ಭದ್ರತಾ ಅಪ್‌ಡೇಟ್‌ಗಳು ಈ ಪ್ರತಿಗೆ ತಾವಾಗಿ ಬರುವುದಿಲ್ಲ. ಹೊಸ ಬಿಡುಗಡೆ ಬಂದಾಗಲೆಲ್ಲ ಮತ್ತೆ ಕಂಪೈಲ್ ಮಾಡಬೇಕು. ಹಿಂದೆ ಕೊಟ್ಟ ಆಯ್ಕೆಗಳು ಮರೆತಿದ್ದರೆ, ಎಫ್‌ಎಫ್‌ಎಂಪೆಗ್‌ನ ವರ್ಷನ್ ಕೇಳಿದಾಗ ಕಾಣುವ ಕಾನ್ಫಿಗರೇಷನ್ ಸಾಲಿನಿಂದ ಅವನ್ನು ನಕಲು ಮಾಡಿಕೊಳ್ಳಿ.