ರಾಕೆಟ್ಟಿಗೆ ಪ್ಯಾರಾಚೂಟು ಹೊಲಿದ ಅನುಭವ

ದಾವಣಗೆರೆಯ ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ಓದುತ್ತಿದ್ದಾಗ ಮೂರು ವರ್ಷ ನಾನು ಅಲ್ಲಿನ ವಿದ್ಯಾರ್ಥಿಗಳ ಬಾಹ್ಯಾಕಾಶ ಸಂಘದಲ್ಲಿ ಕೆಲಸ ಮಾಡಿದೆ. ಸಂಘಕ್ಕೆ ಸೇರಿದ ದಿನ ಹಿರಿಯರು ಕೆಲಸ ಹಂಚಲು ಕುಳಿತಾಗ ಹೊಸಬರೆಲ್ಲ ಮೋಟಾರು, ರೆಕ್ಕೆ, ಸರ್ಕ್ಯೂಟು ಎಂದು ಕೈಯೆತ್ತಿದರು. ಕೊನೆಗೆ ಉಳಿದದ್ದು ‘ರಿಕವರಿ’, ಅಂದರೆ ಹಾರಿದ ರಾಕೆಟ್ಟನ್ನು ಒಡೆಯದಂತೆ ನೆಲಕ್ಕೆ ತಲುಪಿಸುವ ಕೆಲಸ. ನಮ್ಮ ತಾಯಿ ಮನೆಯಲ್ಲಿ ಬಟ್ಟೆ ಹೊಲಿಯುತ್ತಾರೆಂದು ಗೊತ್ತಿದ್ದ ಗೆಳತಿಯೊಬ್ಬಳು ನನ್ನ ಹೆಸರು ಸೂಚಿಸಿದಳು. ಆಗ ಬೇಸರವಾದದ್ದು ನಿಜ. ಆದರೆ ಆ ಕೆಲಸವನ್ನು ಮುಂದಿನ ಮೂರು ವರ್ಷಗಳಲ್ಲಿ ನಾನು ಯಾರಿಗೂ ಬಿಟ್ಟುಕೊಡಲಿಲ್ಲ.

ನಮಗೆ ಧೈರ್ಯ ಕೊಟ್ಟದ್ದು ಸ್ಟುಡ್‌ಸ್ಯಾಟ್. 2010ರ ಜುಲೈ 12ರಂದು ಶ್ರೀಹರಿಕೋಟಾದಿಂದ ಪಿಎಸ್‌ಎಲ್‌ವಿ-ಸಿ15 ರಾಕೆಟ್ಟಿನಲ್ಲಿ ಕಕ್ಷೆ ಸೇರಿದ ಆ ಪುಟ್ಟ ಉಪಗ್ರಹವನ್ನು ಕಟ್ಟಿದವರು ಬೆಂಗಳೂರು ಮತ್ತು ಹೈದರಾಬಾದಿನ ಎಂಜಿನಿಯರಿಂಗ್ ವಿದ್ಯಾರ್ಥಿಗಳು; ಅದರ ತೂಕ ಒಂದು ಕಿಲೋಗ್ರಾಮಿಗಿಂತ ಕಡಿಮೆ. ನಮ್ಮ ಸಂಘದ ಕೋಣೆಯಲ್ಲಿ ಅದರ ಚಿತ್ರವೊಂದಿತ್ತು. ಉಪಗ್ರಹ ಕಟ್ಟುವಷ್ಟು ಹಣವಾಗಲಿ ಪ್ರಯೋಗಾಲಯವಾಗಲಿ ನಮ್ಮಲ್ಲಿರಲಿಲ್ಲವಾದ್ದರಿಂದ ಮುನ್ನೂರು ಮೀಟರಿನಾಚೆಗೆ ಹೋಗದ ಸಣ್ಣ ರಾಕೆಟ್ಟಿನಿಂದ ಆರಂಭಿಸಿದೆವು.

ಇಂಧನದ ವಿಷಯವನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ನಾವು ಒಂದು ಚಿಟಿಕೆ ಮದ್ದನ್ನೂ ಕೈಯಿಂದ ಕಲಸಲಿಲ್ಲ. ಅದನ್ನು ತಡೆಯಲು 1884ರ ಸ್ಫೋಟಕಗಳ ಕಾಯ್ದೆಯಿದೆ. ಕಾನೂನನ್ನು ಬದಿಗಿಟ್ಟರೂ, ಹಾಸ್ಟೆಲಿನ ಕೋಣೆಯಲ್ಲಿ ಇಂಧನ ಬೇಯಿಸಲು ಹೋಗಿ ಬೆರಳು ಕಳೆದುಕೊಳ್ಳುವ ಅಪಾಯ ನಿಜವಾದದ್ದು. ಅನುಮತಿ ಇರುವ ಮೈದಾನದಲ್ಲಿ, ಉಡಾವಣೆ ನಡೆಸುವವರು ತಂದುಕೊಡುವ ಮುಚ್ಚಿದ ಮೋಟಾರನ್ನು ಅವರ ಕೈಯಿಂದಲೇ ಕೂರಿಸಿಕೊಂಡು ಹಾರಿಸುವುದು ನಮ್ಮ ಸಂಘದ ಕಟ್ಟುನಿಟ್ಟಾದ ನಿಯಮವಾಗಿತ್ತು. ಹೀಗಾಗಿ ಏರುವ ಶಕ್ತಿ ನಮಗೆ ಹೊರಗಿನಿಂದ ಬರುತ್ತಿತ್ತು. ಇಳಿಯುವ ವ್ಯವಸ್ಥೆ ಮಾತ್ರ ಮೊದಲಿನಿಂದ ಕೊನೆಯವರೆಗೆ ನಾವೇ ಮಾಡಿದ್ದು.

ಶಿವಮೊಗ್ಗ ಜಿಲ್ಲೆಯ ನಗರ ಎಂಬ ಊರಿನಲ್ಲಿ 2018ರಲ್ಲಿ ಹಳೆಯ ಬಾವಿಯೊಂದರಿಂದ ಹೊರತೆಗೆದ, ಟಿಪ್ಪು ಕಾಲದ ಸಾವಿರಕ್ಕೂ ಹೆಚ್ಚು ಮೈಸೂರು ರಾಕೆಟ್ಟುಗಳ ವಿಷಯ ನಮ್ಮ ಚರ್ಚೆಯಲ್ಲಿ ಮತ್ತೆ ಮತ್ತೆ ಬರುತ್ತಿತ್ತು. ಆ ಕಬ್ಬಿಣದ ಕೊಳವೆಗಳಿಗೆ ಕಟ್ಟುತ್ತಿದ್ದ ಉದ್ದನೆಯ ಬಿದಿರು, ಇಂದು ನಾವು ಅಂಟಿಸುವ ರೆಕ್ಕೆಗಳ ಕೆಲಸವನ್ನೇ ಮಾಡುತ್ತಿತ್ತು: ಗಾಳಿಯ ಒತ್ತಡದ ಕೇಂದ್ರವನ್ನು ಗುರುತ್ವ ಕೇಂದ್ರಕ್ಕಿಂತ ಹಿಂದಕ್ಕೆ ಎಳೆದು, ರಾಕೆಟ್ಟು ಮೂತಿ ಮುಂದೆ ಮಾಡಿಕೊಂಡೇ ಸಾಗುವಂತೆ ನೋಡಿಕೊಳ್ಳುತ್ತಿತ್ತು. ಏರುವುದರ ಮಟ್ಟಿಗೆ ಅವುಗಳಿಗೂ ನಮ್ಮದಕ್ಕೂ ತತ್ವ ಒಂದೇ. ಆದರೆ ಅವು ವೈರಿಯ ಮೇಲೆ ಬೀಳಲೆಂದೇ ಹೊರಟವು. ಅವನ್ನು ಹಿಂದಕ್ಕೆ ತರುವ ಚಿಂತೆ ಯಾರಿಗೂ ಇರಲಿಲ್ಲ. ನಮ್ಮ ಕಷ್ಟವೆಲ್ಲ ಆರಂಭವಾದದ್ದು ಅಲ್ಲಿಂದ.

ನಮ್ಮ ರಾಕೆಟ್ಟಿನ ಕೊಳವೆ 75 ಮಿಲಿಮೀಟರ್ ಅಗಲದ್ದು, ಪಿವಿಸಿ ಪೈಪಿನ ಮೇಲೆ ಫೈಬರ್‌ಗ್ಲಾಸ್ ಸುತ್ತಿ ಮಾಡಿದ್ದು. ಮೋಟಾರು ಉರಿದುಹೋದ ಮೇಲೆ ಉಳಿಯುವ ತೂಕ 1.8 ಕಿಲೋ. ಇದು ಸೆಕೆಂಡಿಗೆ 6 ಮೀಟರ್ ವೇಗದಲ್ಲಿ ಇಳಿಯಬೇಕೆಂದು ತೀರ್ಮಾನಿಸಿದೆವು. ಅದಕ್ಕಿಂತ ವೇಗವಾದರೆ ರೆಕ್ಕೆ ಮುರಿಯುತ್ತದೆ. ನಿಧಾನವಾದರೆ ಗಾಳಿ ಅದನ್ನು ಎಲ್ಲಿಗೋ ಹೊತ್ತೊಯ್ಯುತ್ತದೆ. 270 ಮೀಟರ್ ಎತ್ತರದಿಂದ ಆ ವೇಗದಲ್ಲಿ ಇಳಿಯಲು 45 ಸೆಕೆಂಡ್ ಬೇಕು. ಸೆಕೆಂಡಿಗೆ 5 ಮೀಟರಿನ ಸಾಧಾರಣ ಗಾಳಿಯೇ ಅಷ್ಟರಲ್ಲಿ ಅದನ್ನು 225 ಮೀಟರ್ ದೂರ ಸರಿಸುತ್ತದೆ. ಬಯಲುಸೀಮೆಯ ಬಿಸಿಲಿನಲ್ಲಿ ಗಾಳಿಯ ಸಾಂದ್ರತೆ ಘನ ಮೀಟರಿಗೆ 1.1 ಕಿಲೋ, ಚಪ್ಪಟೆ ಪ್ಯಾರಾಚೂಟಿನ ಎಳೆತದ ಗುಣಾಂಕ (ಆ ಆಕಾರ ಗಾಳಿಯನ್ನು ಎಷ್ಟು ತಡೆಯುತ್ತದೆಂದು ಹೇಳುವ ಅಂಕಿ) 0.75 ಎಂದು ಹಿಡಿದು ಲೆಕ್ಕ ಹಾಕಿದಾಗ ಸುಮಾರು 1.2 ಚದರ ಮೀಟರ್ ಬಟ್ಟೆ, ಅಂದರೆ 123 ಸೆಂಟಿಮೀಟರ್ ವ್ಯಾಸದ ವೃತ್ತ ಬೇಕೆಂದು ತಿಳಿಯಿತು.

ಆ ಅಳತೆಯನ್ನು ಎಂಟು ತ್ರಿಕೋನದ ತುಂಡುಗಳಾಗಿ ಕಾಗದದ ಮೇಲೆ ಬರೆದುಕೊಂಡು ಮನೆಗೆ ಹೋದೆ. ನಮ್ಮ ತಾಯಿ ಕಾಗದವನ್ನು ಒಮ್ಮೆ ನೋಡಿ ಕೇಳಿದ್ದು ಒಂದೇ ಪ್ರಶ್ನೆ: “ಹೊಲಿಗೆಗೆ ಬಟ್ಟೆ ಎಲ್ಲಿ ಬಿಟ್ಟಿದ್ದೀಯೇ?” ನಾನು ಬಿಟ್ಟಿರಲಿಲ್ಲ. ಪ್ರತಿ ತುಂಡಿನ ಎರಡೂ ಅಂಚಿನಲ್ಲಿ ಒಂದೊಂದು ಸೆಂಟಿಮೀಟರ್ ಹೊಲಿಗೆಯೊಳಗೆ ಹೋದರೆ ಎಂಟು ತುಂಡುಗಳಿಗೆ 16 ಸೆಂಟಿಮೀಟರ್ ಸುತ್ತಳತೆ ಕಡಿಮೆಯಾಗಿ, ಪ್ಯಾರಾಚೂಟು ಲೆಕ್ಕ ಹಾಕಿದ್ದಕ್ಕಿಂತ ಚಿಕ್ಕದಾಗುತ್ತಿತ್ತು. ಎಂಟು ತುಂಡಿನ ಅಂಬ್ರೆಲಾ ಲಂಗಗಳನ್ನು ವರ್ಷಗಟ್ಟಲೆ ಹೊಲಿದವರಿಗೆ ಅದು ನೋಡಿದ ಕೂಡಲೇ ಕಂಡಿತು. ಎರಡು ವಾರ ಲೆಕ್ಕ ಹಾಕಿದ ನಮ್ಮ ತಂಡದ ಒಬ್ಬರಿಗೂ ಕಂಡಿರಲಿಲ್ಲ.

ಮೊದಲ ಮಾದರಿಯನ್ನು ಹಳೆಯ ಕೊಡೆಗಳ ಬಟ್ಟೆಯಲ್ಲಿ ಹೊಲಿದೆವು, ಎರಡನೆಯದನ್ನು ಬೆಂಗಳೂರಿನಿಂದ ತರಿಸಿದ, ಹರಿದರೂ ಸೀಳು ಹರಡದಂತೆ ನೇಯ್ದ ರಿಪ್‌ಸ್ಟಾಪ್ ನೈಲಾನಿನಲ್ಲಿ. ನೈಲಾನು ಯಂತ್ರದ ಹಲ್ಲಿನ ಮೇಲೆ ಜಾರುತ್ತದೆ. ಬಟ್ಟೆಯ ಕೆಳಗೆ ಹಳೆಯ ದಿನಪತ್ರಿಕೆಯ ಪಟ್ಟಿ ಇಟ್ಟು ಎರಡನ್ನೂ ಕೂಡಿಸಿ ಹೊಲಿದು, ಆಮೇಲೆ ಕಾಗದವನ್ನು ಹರಿದು ತೆಗೆಯಬೇಕೆಂದು ತಾಯಿ ತೋರಿಸಿದರು. ಹತ್ತಿಯ ದಾರ ಬೇಡ, ಪಾಲಿಯೆಸ್ಟರ್ ದಾರವೇ ಬೇಕು. ಅಂಚನ್ನು ಒಳಮಡಿಸಿ ಎರಡು ಸಾಲು ಹೊಲಿಗೆ ಹಾಕಬೇಕು ಎಂದೂ ಅವರೇ ನಿರ್ಧರಿಸಿದರು. ಎಂಟೂ ತುಂಡುಗಳ ತುದಿಗಳು ನಡುವಿನಲ್ಲಿ ಸೇರುವಾಗ ಬಟ್ಟೆ ದಪ್ಪ ಗಂಟಾಗಿ ಸೂಜಿ ಮುರಿಯುತ್ತದೆ, ಆದ್ದರಿಂದ ಅಲ್ಲಿ ದುಂಡಗೆ ಕತ್ತರಿಸಿ ಪಟ್ಟಿ ಕಟ್ಟೋಣ ಎಂದರು. ಅದೇ ವಾರ ನಾವು ಕೊಡೆಬಟ್ಟೆಯ ಮಾದರಿಗೆ 1.8 ಲೀಟರ್ ನೀರು ತುಂಬಿದ ಬಾಟಲಿಯನ್ನು ಕಟ್ಟಿ ಕಾಲೇಜಿನ ಮೇಲ್ಮಹಡಿಯಿಂದ ಬಿಟ್ಟಿದ್ದೆವು. ಒಳಗೆ ಸಿಕ್ಕಿಬಿದ್ದ ಗಾಳಿ ಒಮ್ಮೆ ಈ ಅಂಚಿನಿಂದ, ಒಮ್ಮೆ ಆ ಅಂಚಿನಿಂದ ನುಗ್ಗುತ್ತಿದ್ದುದರಿಂದ ಬಾಟಲಿ ಗಡಿಯಾರದ ಲೋಲಕದಂತೆ ತೂಗಾಡಿ ಗೋಡೆಗೆ ಬಡಿದಿತ್ತು. ಅದಕ್ಕೆ ಮದ್ದು ನಡುವಿನ ರಂಧ್ರವೇ ಎಂದು ಓದಿಕೊಂಡಿದ್ದೆವು. ಸೂಜಿ ಉಳಿಸಲು ತಾಯಿ ಕೇಳಿದ ರಂಧ್ರವೂ ತೂಗಾಟ ತಡೆಯಲು ನಮಗೆ ಬೇಕಾಗಿದ್ದ ರಂಧ್ರವೂ ಒಂದೇ ಜಾಗದಲ್ಲಿತ್ತು. 12 ಸೆಂಟಿಮೀಟರ್ ಅಗಲಕ್ಕೆ ಕತ್ತರಿಸಿದೆವು. ಬಟ್ಟೆಯ ವಿಸ್ತೀರ್ಣದಲ್ಲಿ ಅದು ನೂರರಲ್ಲಿ ಒಂದು ಭಾಗ ಮಾತ್ರ, ಆದರೆ ಮುಂದಿನ ಬಾಟಲಿ ನೇರವಾಗಿ ಇಳಿಯಿತು.

ಎಂಟು ನೈಲಾನ್ ಹಗ್ಗಗಳು ಒಂದೂವರೆ ಮೀಟರ್ ಉದ್ದದವು. ಅವು ಹೊಸೆದುಕೊಳ್ಳದಂತೆ ತಡೆಯುವ ತಿರುಗು ಕೊಂಡಿಯನ್ನು ಗಾಳದ ಸಾಮಾನು ಮಾರುವ ಅಂಗಡಿಯಿಂದ ತಂದೆವು.

ಇನ್ನು ಪ್ಯಾರಾಚೂಟನ್ನು ಯಾವಾಗ ಬಿಚ್ಚಬೇಕೆಂಬುದು ಉಳಿದಿತ್ತು. 2023ರ ಅಕ್ಟೋಬರ್ 21ರಂದು ಇಸ್ರೊ ಗಗನಯಾನದ ಟಿವಿ-ಡಿ1 ಪರೀಕ್ಷೆಯನ್ನು, ಅಂದರೆ ಅಪಾಯದ ಹೊತ್ತಿನಲ್ಲಿ ಗಗನಯಾತ್ರಿಗಳ ಕೋಶವನ್ನು ಬೇರ್ಪಡಿಸಿ ಇಳಿಸುವ ಪರೀಕ್ಷೆಯನ್ನು ನಡೆಸಿದಾಗ ನಾವೆಲ್ಲ ಒಂದೇ ಪರದೆಯ ಮುಂದೆ ಕುಳಿತಿದ್ದೆವು. ಉಡಾವಣೆಗೆ 5 ಸೆಕೆಂಡ್ ಇರುವಾಗ ಎಣಿಕೆ ನಿಂತು, ದೋಷ ಸರಿಪಡಿಸಿ ಹತ್ತು ಗಂಟೆಗೆ ಮತ್ತೆ ಹಾರಿಸಿದರು. ಉಳಿದವರು ಬೆಂಕಿಯನ್ನು ನೋಡುತ್ತಿದ್ದರೆ ನಾನು ಕಾದದ್ದು ಪ್ಯಾರಾಚೂಟುಗಳಿಗಾಗಿ. ಗಗನಯಾನದ ಕೋಶಕ್ಕೆ ಇರುವ ಪ್ಯಾರಾಚೂಟುಗಳು 10. ಸಣ್ಣವು ಮೊದಲು ಬಿಚ್ಚಿ ವೇಗ ಇಳಿಸಿದ ಮೇಲೆಯೇ ಮೂರು ದೊಡ್ಡವು ಬಿಚ್ಚಿಕೊಳ್ಳುತ್ತವೆ. ಎಳೆತದ ಬಲ ವೇಗದ ವರ್ಗಕ್ಕೆ ತಕ್ಕಂತೆ ಏರುವುದೇ ಅದಕ್ಕೆ ಕಾರಣ. ನಮ್ಮ ರಾಕೆಟ್ಟು ತುತ್ತತುದಿ ತಲುಪಿದಾಗ ಬಹುತೇಕ ನಿಂತೇ ಇರುವುದರಿಂದ ಒಂದೇ ಪ್ಯಾರಾಚೂಟು ಸಾಕಿತ್ತು. ಆದರೆ ಬಿಚ್ಚುವುದು ಮೂರು ಸೆಕೆಂಡ್ ತಡವಾದರೆ ಬೀಳುವ ವೇಗ 30 ಮೀಟರಿನ ಹತ್ತಿರ ಹೋಗಿ, ಹೊಲಿಗೆಯ ಮೇಲೆ ಬೀಳುವ ಭಾರ 25 ಪಟ್ಟು, ಅಂದರೆ 45 ಕಿಲೋ ಆಗುತ್ತದೆ. ಮೂತಿಯನ್ನು ತಳ್ಳಲು ಮದ್ದಿನ ಬದಲು ಒತ್ತಿಟ್ಟ ಸ್ಪ್ರಿಂಗನ್ನೂ ಅದರ ಚಿಲಕ ಎಳೆಯಲು ಸರ್ವೊ ಮೋಟಾರನ್ನೂ ಬಳಸಿದೆವು. ಎತ್ತರ ತಿಳಿಯಲು ಗಾಳಿಯ ಒತ್ತಡ ಅಳೆಯುವ ಬಿಎಂಪಿ280 ಸೆನ್ಸರ್ ಇತ್ತು. ನಮ್ಮ ಕಡೆ ಒಂದು ಮೀಟರ್ ಏರಿದರೆ ಒತ್ತಡ ಸುಮಾರು 11 ಪಾಸ್ಕಲ್ ಇಳಿಯುತ್ತದೆ. ಒಂದೇ ಬದಿಯಿಂದ ಬೀಸುವ ಗಾಳಿ ಅಳತೆಯನ್ನು ಕೆಡಿಸದಂತೆ ಕೊಳವೆಯ ಸುತ್ತ ಸಮ ಅಂತರದಲ್ಲಿ ಮೂರು ತೂತು ಕೊರೆದೆವು.

ಮೊದಲ ಹಾರಾಟದಲ್ಲಿ ರಾಕೆಟ್ಟು ಚೆನ್ನಾಗಿಯೇ ಏರಿತು, ತುದಿಯಲ್ಲಿ ಬಾಗಿತು, ಬಾಗಿದಂತೆಯೇ ಕೆಳಗೆ ಬಂದಿತು. ಮೂತಿ ಕಳಚಲಿಲ್ಲ. ಉತ್ತ ನೆಲದಲ್ಲಿ ಮೊಣಕಾಲುದ್ದ ಹೂತುಹೋದ ಕೊಳವೆಯನ್ನು ಸಲಿಕೆಯಿಂದ ಅಗೆದು ತೆಗೆದಾಗ ಪ್ಯಾರಾಚೂಟು ನಾನು ಮಡಿಸಿಟ್ಟಂತೆಯೇ, ಅಂಟದಿರಲೆಂದು ಹಾಕಿದ ಟಾಲ್ಕಂ ಪೌಡರಿನ ಸಮೇತ ಒಳಗಿತ್ತು. ಅಂದು ಹಾಸ್ಟೆಲಿಗೆ ಹಿಂದಿರುಗುವ ದಾರಿಯಲ್ಲಿ ಯಾರೂ ಮಾತಾಡಲಿಲ್ಲ.

ಸೆನ್ಸರ್ ಅಳೆದ ಎತ್ತರವನ್ನು ಬರೆದಿಡುವ ಮೆಮೊರಿ ಕಾರ್ಡು ಮಾತ್ರ ಉಳಿದಿತ್ತು. ಒಂದು ಹಾರಾಟಕ್ಕೆ ಒಂದೇ ಫೈಲು ಇರಬೇಕಾದ ಜಾಗದಲ್ಲಿ ಎರಡು ಫೈಲುಗಳಿದ್ದವು. ಮೊದಲನೆಯದು 68 ಮೀಟರ್ ಎತ್ತರದಲ್ಲಿ, ಮೋಟಾರು ಆರಿದ ಹೊತ್ತಿಗೆ ತುಂಡಾಗಿತ್ತು. ಎರಡನೆಯದು ಸೊನ್ನೆಯಿಂದ ಆರಂಭವಾಗಿ 184 ಮೀಟರಿಗೆ ಏರಿ, ಅಲ್ಲಿಂದ ಇಳಿದು ಇಳಿದು ಮೈನಸ್ 96 ಮೀಟರಿನಲ್ಲಿ ಮುಗಿದಿತ್ತು. ನೆಲದಿಂದ 96 ಮೀಟರ್ ಕೆಳಗೆ ಹೋಗುವುದು ಸಾಧ್ಯವಿಲ್ಲ. ಆ ಒಂದು ಅಂಕಿಯನ್ನು ನೋಡುತ್ತ ರಾತ್ರಿಯೆಲ್ಲ ಕುಳಿತ ಮೇಲೆ ಅರ್ಥವಾಯಿತು: ಸೆನ್ಸರನ್ನೂ ಸರ್ವೊವನ್ನೂ ನಡೆಸುವ ಸರ್ಕ್ಯೂಟ್ ಬೋರ್ಡಿಗೆ ನಡುಗಾಳಿಯಲ್ಲಿ ವಿದ್ಯುತ್ ಕಡಿದು, ಅದು ಮತ್ತೆ ಹೊಸದಾಗಿ ಎದ್ದು, ತಾನಿದ್ದ 96 ಮೀಟರ್ ಎತ್ತರವನ್ನೇ ನೆಲವೆಂದು ತಿಳಿದಿತ್ತು. ಹಾರಾಟ ಆರಂಭವಾಯಿತೆಂದು ಗುರುತಿಸಲು ಅದು ಮೋಟಾರಿನ ತಳ್ಳುವಿಕೆಗಾಗಿ ಕಾಯುತ್ತಿತ್ತು. ಮೋಟಾರು ಆಗಲೇ ಆರಿಹೋಗಿತ್ತು. ಹಾಗಾಗಿ ಅದು ಕೊನೆಯವರೆಗೂ ತಾನಿನ್ನೂ ಉಡಾವಣಾ ಕಂಬದ ಮೇಲೆಯೇ ಇದ್ದೇನೆಂದು ಕಾದುಕೊಂಡೇ ನೆಲಕ್ಕೆ ಬಡಿಯಿತು.

ವಿದ್ಯುತ್ ಕಡಿದದ್ದೇಕೆಂದರೆ, ಬ್ಯಾಟರಿಯನ್ನು ನಾವು ಸ್ಪ್ರಿಂಗಿನ ಹಿಡಿಕೆಯಲ್ಲಿ ರಾಕೆಟ್ಟಿನ ಉದ್ದಕ್ಕೆ ನಿಲ್ಲಿಸಿದ್ದೆವು. ಮೋಟಾರು ಉರಿಯುವಾಗ ಬ್ಯಾಟರಿ ಹಿಂದಕ್ಕೆ ಒತ್ತಿಕೊಂಡಿತ್ತು. ಆರಿದ ಕ್ಷಣ ಗಾಳಿ ಕೊಳವೆಯನ್ನು ತಡೆದಾಗ ಅದು ಮುಂದಕ್ಕೆ ಜಿಗಿದು ಕಣ್ಣೆವೆ ಮಿಟುಕಿಸುವುದರೊಳಗೆ ಸಂಪರ್ಕ ಬಿಟ್ಟುಹಿಡಿದಿತ್ತು. ಮೇಜಿನ ಮೇಲೆ ನೂರು ಸಲ ಪರೀಕ್ಷಿಸಿದ್ದರೂ ಈ ದೋಷ ಕಾಣುವಂತಿರಲಿಲ್ಲ, ಏಕೆಂದರೆ ಮೇಜು ಅಲುಗಾಡುವುದಿಲ್ಲ.

ಮುಂದಿನ ಆರು ತಿಂಗಳು ಇದಕ್ಕೇ ಮೀಸಲಾಯಿತು. ಬ್ಯಾಟರಿಯ ತಂತಿಗಳನ್ನು ನೇರವಾಗಿ ಬೆಸೆದು, ಅದನ್ನು ಅಡ್ಡಲಾಗಿ ಮಲಗಿಸಿ ಪಟ್ಟಿ ಬಿಗಿದೆವು. ಕ್ಷಣಮಾತ್ರದ ಕಡಿತವನ್ನು ತುಂಬಿಕೊಡಲು ದೊಡ್ಡ ಕೆಪಾಸಿಟರ್ ಸೇರಿಸಿದೆವು. ನೆಲದ ಒತ್ತಡವನ್ನೂ ಹಾರಾಟದ ಹಂತವನ್ನೂ ವಿದ್ಯುತ್ ಹೋದರೂ ಅಳಿಯದ ಮೆಮೊರಿಯಲ್ಲಿ ಬರೆದಿಡುವಂತೆ ಪ್ರೋಗ್ರಾಮ್ ತಿದ್ದಿದೆವು. ಸ್ವಂತ ಬ್ಯಾಟರಿಯ ಎರಡನೇ ಬೋರ್ಡನ್ನೂ ಇಟ್ಟೆವು. ಎಲ್ಲಕ್ಕಿಂತ ಹೆಚ್ಚು ಕಲಿಸಿದ್ದು ಎರಡು ಅಗ್ಗದ ಪರೀಕ್ಷೆಗಳು. ಬೋರ್ಡನ್ನು ಒಂದೂವರೆ ಮೀಟರ್ ಹಗ್ಗಕ್ಕೆ ಕಟ್ಟಿ ಹತ್ತು ಸೆಕೆಂಡಿಗೆ ಹನ್ನೆರಡು ಸುತ್ತಿನಂತೆ ಬೀಸಿದರೆ ಅದು ಗುರುತ್ವದ ಎಂಟೂವರೆ ಪಟ್ಟಿಗೂ ಹೆಚ್ಚು ಎಳೆತ ಅನುಭವಿಸುತ್ತದೆ. ಖಾಲಿ ಮೈದಾನದಲ್ಲಿ ಹೆಲ್ಮೆಟ್ ಹಾಕಿಕೊಂಡು ಹಾಗೆ ಬೀಸುತ್ತ, ಥಟ್ಟನೆ ನಿಲ್ಲಿಸುತ್ತ ದಾಖಲೆ ತುಂಡಾಗುತ್ತದೆಯೇ ಎಂದು ನೋಡಿದೆವು. ಇನ್ನೊಂದಕ್ಕೆ ಮೂರು ಲೀಟರಿನ ಉಪ್ಪಿನಕಾಯಿ ಜಾಡಿಯಲ್ಲಿ ಬೋರ್ಡನ್ನಿಟ್ಟು, ಮುಚ್ಚಳವನ್ನು ಮೇಣದಿಂದ ಮುಚ್ಚಿ, 100 ಮಿಲಿಲೀಟರಿನ ಸಿರಿಂಜಿನಿಂದ ಗಾಳಿ ಎಳೆದೆವು. ಜಾಡಿಯ ಒತ್ತಡ ನೂರಕ್ಕೆ ಮೂರರಷ್ಟು ಇಳಿದು, ಬೋರ್ಡು ತಾನು 280 ಮೀಟರ್ ಏರಿದ್ದೇನೆಂದು ನಂಬುತ್ತದೆ. ಸಿರಿಂಜನ್ನು ಮೆಲ್ಲಗೆ ಒಳಗೊತ್ತಿದಾಗ ಸರ್ವೊ ‘ಟಿಕ್’ ಎನ್ನಬೇಕು. ಆ ಸದ್ದನ್ನು ನಾವು ನೂರಾರು ಸಲ ಕೇಳಿದೆವು. ನಡುವೆ ಬ್ಯಾಟರಿಯನ್ನು ಬೇಕೆಂದೇ ಕಿತ್ತು ಮತ್ತೆ ಸಿಕ್ಕಿಸಿಯೂ ಕೇಳಿದೆವು.

ಎರಡನೇ ಹಾರಾಟದ ದಿನ ರಾಕೆಟ್ಟಿನ ಇಳಿತೂಕ 2 ಕಿಲೋ ಆಗಿತ್ತು. ಎರಡನೇ ಬೋರ್ಡಿನ ಭಾರದಿಂದ ಇಳಿಯುವ ವೇಗ 6.3 ಮೀಟರ್ ಆಗಬಹುದೆಂದು ಹಿಂದಿನ ರಾತ್ರಿ ಬರೆದಿಟ್ಟಿದ್ದೆ. ಹೊಗೆಯ ಗೆರೆ ಮುಗಿದ ಮೇಲೆ ಸುಮಾರು ಐದು ಸೆಕೆಂಡ್ ಆಕಾಶದಲ್ಲಿ ಏನೂ ಕಾಣಲಿಲ್ಲ. ಆಮೇಲೆ ಕಿತ್ತಳೆ ಬಣ್ಣದ ಚುಕ್ಕೆಯೊಂದು ಅರಳಿತು. ನಾನು ಕೈಗಡಿಯಾರ ಒತ್ತಿ ಓಡಲಾರಂಭಿಸಿದೆ. 258 ಮೀಟರಿನಲ್ಲಿ ಬಿಚ್ಚಿಕೊಂಡ ಪ್ಯಾರಾಚೂಟು 41 ಸೆಕೆಂಡುಗಳಲ್ಲಿ ಮೆಕ್ಕೆಜೋಳದ ಹೊಲದ ಬದುವಿನ ಮೇಲೆ ಇಳಿದಿತ್ತು. ಮೆಮೊರಿ ಕಾರ್ಡಿನಲ್ಲಿ ಒಂದೇ ಫೈಲು ಇತ್ತು.

ಆ ಭಾನುವಾರ ಪ್ಯಾರಾಚೂಟನ್ನು ಮನೆಗೆ ಒಯ್ದೆ. ತಾಯಿ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಎಂಟೂ ಹೊಲಿಗೆಗಳ ಮೇಲೆ ಬೆರಳಾಡಿಸಿದರು. ಮೂರನೆಯ ಮತ್ತು ನಾಲ್ಕನೆಯ ತುಂಡಿನ ನಡುವೆ, ಅಂಚಿನ ಹತ್ತಿರ ಬಟ್ಟೆ ತುಸು ಜಗ್ಗಿ ಸೂಜಿಯ ತೂತುಗಳು ಅಗಲವಾಗಿದ್ದವು. ಹಗ್ಗ ಕಟ್ಟುವ ಜಾಗದಲ್ಲೆಲ್ಲ ಒಳಗಿನಿಂದ ಇನ್ನೊಂದು ತೇಪೆ ಕೊಡಬೇಕಿತ್ತು ಎಂದು ಹೇಳಿ, ಉಳಿದ ಕಿತ್ತಳೆ ಬಟ್ಟೆ ಎಲ್ಲಿದೆ ಎಂದು ಕೇಳಿದರು. ನಾನು ಚೀಲದಿಂದ ತೆಗೆದುಕೊಟ್ಟೆ.