ಒಂದೇ ವರ್ಷದ ಗ್ರೇಡ್ ಇಟ್ಟುಕೊಂಡು ಫಾರ್ಮಸಿ ಕಾಲೇಜಿಗೆ ಅರ್ಜಿ ಹಾಕಿದ್ದು

ಅಮೆರಿಕದಲ್ಲಿ ಫಾರ್ಮಸಿಸ್ಟ್ ಆಗಬೇಕು ಅಂದರೆ ಡಾಕ್ಟರ್ ಆಫ್ ಫಾರ್ಮಸಿ, ಅಂದರೆ ಫಾರ್ಮ್‌ಡಿ ಓದಬೇಕು. ಸಾಮಾನ್ಯವಾಗಿ ನಾಲ್ಕು ವರ್ಷ. ಡಿಗ್ರಿ ಮುಗಿಸಿಕೊಂಡೇ ಅದಕ್ಕೆ ಸೇರಬೇಕು ಅಂತ ನಮ್ಮವರು ತುಂಬ ಜನ ಅಂದುಕೊಂಡಿದ್ದಾರೆ. ಆದರೆ ಹೆಚ್ಚಿನ ಕಾಲೇಜುಗಳು ಡಿಗ್ರಿ ಸರ್ಟಿಫಿಕೇಟ್ ಕೇಳುವುದೇ ಇಲ್ಲ. ಕೆಮಿಸ್ಟ್ರಿ, ಬಯಾಲಜಿ, ಮೈಕ್ರೋಬಯಾಲಜಿ, ಅನಾಟಮಿ, ಕ್ಯಾಲ್ಕುಲಸ್, ಸ್ಟ್ಯಾಟಿಸ್ಟಿಕ್ಸ್ ಹೀಗೆ ಮೊದಲೇ ಮುಗಿಸಿರಬೇಕಾದ ಒಂದಿಷ್ಟು ಪ್ರಿರೆಕ್ವಿಸಿಟ್ ಕೋರ್ಸ್ ಆಗಿದ್ದರೆ ಸಾಕು. ಮೈಬಗ್ಗಿಸಿ ಓದಿದರೆ ಎರಡು ವರ್ಷದಲ್ಲಿ ಮುಗಿಯುತ್ತವೆ. ನಾನು ಆ ದಾರಿಯಲ್ಲೇ ಬಂದೆ, ಈಗ ಟೆಕ್ಸಾಸಿನ ಒಂದು ಸರ್ಕಾರಿ ಕಾಲೇಜಿನಲ್ಲಿ ಫಾರ್ಮ್‌ಡಿ ಮೂರನೇ ವರ್ಷ. ಇಲ್ಲಿನ ಕನ್ನಡದ ಮಕ್ಕಳು, ಅವರಿಗಿಂತ ಜಾಸ್ತಿ ಅವರ ಅಪ್ಪ-ಅಮ್ಮಂದಿರು, ಇದನ್ನೇ ಕೇಳುತ್ತಿರುತ್ತಾರೆ. ಅದಕ್ಕೇ ಒಂದು ಕಡೆ ಬರೆದಿಡುತ್ತಿದ್ದೇನೆ.

ನನಗೆ ಅವಸರ ಇದ್ದದ್ದು ಜಾಣತನಕ್ಕಲ್ಲ, ವೀಸಾಕ್ಕೆ. ಮೈಸೂರಿನಿಂದ ಬಂದಾಗ ನಾನಿನ್ನೂ ಮಿಡಲ್ ಸ್ಕೂಲ್. ಅಪ್ಪನದು ಕೆಲಸದ ವೀಸಾ ಎಚ್-1ಬಿ, ಅಮ್ಮನದು ನನ್ನದು ಅವರ ಮೇಲೆ ಅವಲಂಬಿತರ ವೀಸಾ ಎಚ್-4. ಮಕ್ಕಳಿಗೆ 21 ತುಂಬಿದರೆ ಎಚ್-4 ಮುಗಿಯಿತು. ಗ್ರೀನ್ ಕಾರ್ಡ್ ಸಾಲಿನಲ್ಲಿ ಭಾರತದವರ ಗತಿ ಎಲ್ಲರಿಗೂ ಗೊತ್ತಿರುವುದೇ. ಆಮೇಲೆ ವಿದ್ಯಾರ್ಥಿ ವೀಸಾ ಎಫ್-1ಗೆ ಬದಲಾಯಿಸಿಕೊಂಡು ವಿದ್ಯಾರ್ಥಿಯಾಗಿಯೇ ಉಳಿಯಬೇಕು. ಎಚ್-4 ಇರಲಿ ಎಫ್-1 ಇರಲಿ, ಸರ್ಕಾರದ ವಿದ್ಯಾರ್ಥಿ ಸಾಲ ಸಿಗುವುದಿಲ್ಲ. ಅಂದಮೇಲೆ ಎರಡು ವರ್ಷದ ಫೀಸು, ಹಾಸ್ಟೆಲ್ಲು, ಊಟ ಉಳಿಯುವುದು ಅಂದರೆ ಅಪ್ಪನ ಜೇಬಿಗೆ ನೇರವಾಗಿ ತಟ್ಟುವ ಲೆಕ್ಕ.

ಇನ್ನು ದಿನಾಂಕಗಳ ವಿಷಯ. ಹೆಚ್ಚಿನವರು ಇಲ್ಲೇ ಮೋಸ ಹೋಗುವುದು. ಹೆಚ್ಚುಕಡಿಮೆ ಎಲ್ಲ ಕಾಲೇಜಿಗೂ ಒಟ್ಟಿಗೆ ಅರ್ಜಿ ಹಾಕುವ ವ್ಯವಸ್ಥೆಯ ಹೆಸರು ಫಾರ್ಮ್‌ಕ್ಯಾಸ್. ಅದು ಜುಲೈ ಮಧ್ಯದಲ್ಲಿ ಶುರುವಾಗುತ್ತದೆ, ಕ್ಲಾಸು ಶುರುವಾಗುವುದು ಮುಂದಿನ ವರ್ಷದ ಆಗಸ್ಟಿನಲ್ಲಿ. ನಾನು ಯೂನಿವರ್ಸಿಟಿಗೆ ಸೇರಿದ್ದು 2021ರ ಆಗಸ್ಟ್. 2023ರ ಆಗಸ್ಟಿನಲ್ಲಿ ಫಾರ್ಮಸಿ ಕ್ಲಾಸಿನಲ್ಲಿ ಕೂರಬೇಕು ಅಂದರೆ 2022ರ ಜುಲೈಯಲ್ಲಿ ಶುರುವಾಗುವ ಸುತ್ತಿನಲ್ಲೇ ಅರ್ಜಿ ಹೋಗಬೇಕು. ಆಗ ಕೈಯಲ್ಲಿ ಇರುವುದು ಒಂದೇ ಒಂದು ವರ್ಷದ ಗ್ರೇಡು! "ಎರಡು ವರ್ಷ ಓದಿ ಆಮೇಲೆ ಅರ್ಜಿ ಹಾಕೋಣ" ಅಂತ ಕೂತರೆ ಅದು ಮೂರು ವರ್ಷದ ಕಥೆಯಾಗುತ್ತದೆ. ಇದು ತಿಳಿದ ದಿನದಿಂದ ಎಲ್ಲವನ್ನೂ ಹಿಂದಿನಿಂದ ಮುಂದಕ್ಕೆ ಲೆಕ್ಕ ಹಾಕಿದೆ. ಆರ್ಗ್ಯಾನಿಕ್ ಕೆಮಿಸ್ಟ್ರಿ ಎರಡು ಸೆಮಿಸ್ಟರ್, ಅದಕ್ಕೂ ಮೊದಲು ಜನರಲ್ ಕೆಮಿಸ್ಟ್ರಿ ಎರಡು ಸೆಮಿಸ್ಟರ್. ಈ ನಾಲ್ಕನ್ನೂ ಒಂದರ ಹಿಂದೆ ಒಂದು ಮಾಡಲೇಬೇಕು, ಹಾರಿಸುವ ಹಾಗಿಲ್ಲ. ಹಾಗಾಗಿ ಮೊದಲ ಸೆಮಿಸ್ಟರಿನಲ್ಲೇ ಕೆಮಿಸ್ಟ್ರಿ ತೆಗೆದುಕೊಳ್ಳದಿದ್ದರೆ ಎರಡು ವರ್ಷದ ಲೆಕ್ಕ ಅಲ್ಲಿಗೇ ತಪ್ಪಿತು, ಬೇಸಿಗೆಯಲ್ಲಿ ಕೂತು ಓದುತ್ತೀರಾದರೆ ಮಾತು ಬೇರೆ. ಉಳಿದವೆಲ್ಲ ಆ ಕಡೆ ಈ ಕಡೆ ಸರಿಸಬಹುದು. ಸ್ಟ್ಯಾಟಿಸ್ಟಿಕ್ಸ್ ಮತ್ತು ಪಬ್ಲಿಕ್ ಸ್ಪೀಕಿಂಗ್ ನಾನು ಬೇಸಿಗೆಗೆ ತಳ್ಳಿದೆ.

ಅರ್ಜಿಯಲ್ಲಿ ಮುಗಿದ ಕೋರ್ಸಿನ ಜೊತೆಗೆ ಈಗ ಓದುತ್ತಿರುವುದು, ಮುಂದೆ ಓದಲಿರುವುದು ಎರಡನ್ನೂ ತುಂಬಬಹುದು. ಆ ಅವಕಾಶ ಇರುವುದರಿಂದಲೇ ಇಷ್ಟು ಬೇಗ ಅರ್ಜಿ ಹಾಕಲು ಆಗುವುದು. ಅರ್ಜಿ ಹಾಕಿದ ನಂತರದ ಸೆಮಿಸ್ಟರಿನ ಗ್ರೇಡ್ ಬಂದ ಮೇಲೆ ಚಳಿಗಾಲದಲ್ಲಿ ಅಪ್‌ಡೇಟ್ ಮಾಡಲು ಒಂದು ಅವಧಿ ಕೊಡುತ್ತಾರೆ. ಒಂದು ವಿಷಯ ನೆನಪಿರಲಿ: ಒಂದೇ ಕೋರ್ಸನ್ನು ಎರಡು ಸಲ ಓದಿದ್ದರೆ ಫಾರ್ಮ್‌ಕ್ಯಾಸ್ ಎರಡೂ ಗ್ರೇಡನ್ನು ಜಿಪಿಎಗೆ, ಅಂದರೆ ಸರಾಸರಿ ಗ್ರೇಡಿಗೆ, ಸೇರಿಸುತ್ತದೆ. ನಿಮ್ಮ ಯೂನಿವರ್ಸಿಟಿ ಹಳೆಯದನ್ನು ಅಳಿಸಿರಬಹುದು, ಇವರು ಅಳಿಸುವುದಿಲ್ಲ. ಒಂದೇ ವರ್ಷದ ಗ್ರೇಡ್ ತೋರಿಸುವವರಿಗೆ ಇದು ಜೋರಾಗಿಯೇ ಹೊಡೆಯುತ್ತದೆ, ಯಾಕೆಂದರೆ ಮುಚ್ಚಿಹಾಕಲು ಬೇರೆ ಗ್ರೇಡುಗಳೇ ಇರುವುದಿಲ್ಲ ಅಲ್ವಾ.

ಒಂದೊಂದು ಕಾಲೇಜಿನ ಪಟ್ಟಿ ಒಂದೊಂದು ಥರ. ಆಸ್ಟಿನ್, ಹ್ಯೂಸ್ಟನ್, ಟೆಕ್ಸಾಸ್ ಎ ಅಂಡ್ ಎಂ, ಟೆಕ್ಸಾಸ್ ಟೆಕ್, ಇವನ್ನು ಎಕ್ಸೆಲ್ ಶೀಟಿನಲ್ಲಿ ಅಕ್ಕಪಕ್ಕ ಇಟ್ಟು, ಎಲ್ಲರೂ ಕೇಳುವ ಕೋರ್ಸು ಯಾವುದು, ಒಬ್ಬರೇ ಕೇಳುವುದು ಯಾವುದು ಅಂತ ನೋಡಿದೆ. ಹೈಸ್ಕೂಲಿನ ಎಪಿ ಪರೀಕ್ಷೆಯ ಕ್ರೆಡಿಟ್ ಒಪ್ಪುತ್ತಾರಾ, ಅನಾಟಮಿ ಮತ್ತು ಫಿಸಿಯಾಲಜಿಗೆ ಲ್ಯಾಬ್ ಬೇಕೇ ಬೇಕಾ, ಕೋರ್ಸುಗಳೆಲ್ಲ ಯಾವ ತಿಂಗಳೊಳಗೆ ಮುಗಿದಿರಬೇಕು, ಈ ಮೂರು ಪ್ರಶ್ನೆಯನ್ನು ಪ್ರತಿ ಕಾಲೇಜಿಗೂ ಇಮೇಲ್‌ನಲ್ಲಿ ಕೇಳಿ, ಉತ್ತರವನ್ನು ಜೋಪಾನವಾಗಿ ಇಟ್ಟುಕೊಂಡೆ. ನಮ್ಮ ಹಾಗೆ ಸಿಟಿಜನ್ ಅಲ್ಲದವರು ನಾಲ್ಕನೆಯದೊಂದನ್ನು ಸೇರಿಸಿಕೊಳ್ಳಿ: ವೀಸಾದಲ್ಲಿರುವವರನ್ನು ತೆಗೆದುಕೊಳ್ಳುತ್ತೀರಾ, ಫೀಸು ಯಾವ ಲೆಕ್ಕದ್ದು, ರಾಜ್ಯದವರದಾ ಹೊರಗಿನವರದಾ?

ನನ್ನ ಕಾಲಕ್ಕೆ ಫಾರ್ಮಸಿ ಪ್ರವೇಶದ ಪಿಕ್ಯಾಟ್ ಪರೀಕ್ಷೆ ಇನ್ನೂ ಇತ್ತು. ನನ್ನ ಪಟ್ಟಿಯ ಕಾಲೇಜುಗಳಿಗೆ ಅದು ಬೇಡವಾಗಿತ್ತು, ಬರೆಯಲಿಲ್ಲ. 2024ರ ಜನವರಿಯ ನಂತರ ಅದು ಪೂರ್ತಿ ನಿಂತೇ ಹೋಯಿತು. ಯಾರಾದರೂ ಹಳೆಯ ಪಿಕ್ಯಾಟ್ ಪುಸ್ತಕ ಮಾರಲು ಬಂದರೆ ಕೈಮುಗಿದು ಕಳಿಸಿ.

ಅಮ್ಮನನ್ನು ಒಪ್ಪಿಸಿದ್ದು ಎಲ್ಲಕ್ಕಿಂತ ಕಷ್ಟ. "ಡಿಗ್ರಿ ಮುಗಿಸದೆ ಹೋಗ್ತೀಯಲ್ಲ ಪುಟ್ಟಿ, ನಡುವೆ ಏನಾದ್ರೂ ಆದ್ರೆ ಕೈಯಲ್ಲಿ ಏನಿರತ್ತೆ?" ಅಂದರು. ಆ ಮಾತು ಸುಳ್ಳಲ್ಲ. ಎರಡು ವರ್ಷ ಓದಿ ಫಾರ್ಮ್‌ಡಿಗೆ ಹೋಗಿ, ಅದು ಹಿಡಿಸದೆ ಬಿಟ್ಟರೆ ಪಿಯುಸಿ ಮೇಲೆ ಏನೂ ಇಲ್ಲದವರ ಹಾಗಾಗುತ್ತದೆ. ಕೆಲವು ಕಡೆ ಫಾರ್ಮ್‌ಡಿ ಓದುತ್ತಲೇ ನಡುವೆ ಒಂದು ಬ್ಯಾಚುಲರ್ಸ್ ಕೊಡುತ್ತಾರೆ. ಅದನ್ನು ಮೊದಲೇ ಕೇಳಿ ತಿಳಿದುಕೊಳ್ಳಿ. ಫಾರ್ಮಸಿಯೇ ಬೇಕು ಅಂತ ಗಟ್ಟಿಯಾಗಿ ಅನ್ನಿಸದವರು, ಮೆಡಿಕಲ್ ಸಿಗದಿದ್ದರೆ ಇದಿರಲಿ ಅನ್ನುವವರು, ಈ ದಾರಿಗೆ ಬರಬೇಡಿ ಅಂತಲೇ ನಾನು ಹೇಳುವುದು. ಅವರಿಗೆ ನಾಲ್ಕು ವರ್ಷದ ಡಿಗ್ರಿಯೇ ವಾಸಿ.

ಫಾರ್ಮಸಿ ಬೇಕು ಅಂತ ನನಗೆ ಗಟ್ಟಿಯಾದದ್ದು ಒಂದು ಉಚಿತ ಕ್ಲಿನಿಕ್ಕಿನಲ್ಲಿ. ಎಚ್-4ನಲ್ಲಿ ಮಕ್ಕಳು ಸಂಬಳಕ್ಕೆ ಕೆಲಸ ಮಾಡುವ ಹಾಗಿಲ್ಲ. ಕ್ಲಾಸಿನ ಗೆಳೆಯರೆಲ್ಲ ಔಷಧಿ ಅಂಗಡಿಯಲ್ಲಿ ಟೆಕ್ನಿಷಿಯನ್ ಟ್ರೇನಿ ಆಗಿ ಸೇರಿ ಅನುಭವ, ದುಡ್ಡು ಎರಡೂ ಮಾಡಿಕೊಳ್ಳುತ್ತಿದ್ದರು, ನಾನು ವಾಲಂಟಿಯರ್. ಶನಿವಾರ ಹೋಗಿ ಕಪಾಟಿನ ಔಷಧಿಗಳ ಎಕ್ಸ್‌ಪೈರಿ ದಿನಾಂಕ ನೋಡುವುದು, ರೋಗಿಗಳು ಮನೆಯಿಂದ ತಂದ ಬಾಟಲಿಗಳ ಹೆಸರು, ಡೋಸ್, ಯಾವಾಗ ತೆಗೆದುಕೊಳ್ಳುತ್ತಾರೆ ಅನ್ನುವುದನ್ನು ಬರೆದು ಫಾರ್ಮಸಿಸ್ಟ್ ಮುಂದೆ ಇಡುವುದು. ಆ ಬೇಸಿಗೆಯಲ್ಲಿ ಅಜ್ಜಿ ಮೈಸೂರಿನಿಂದ ಬಂದಿದ್ದರು. ಬೆಳಿಗ್ಗೆ ಎದ್ದು ಥೈರೋನಾರ್ಮ್ ಮಾತ್ರೆ, ಅದರ ಜೊತೆಗೇ ಕ್ಯಾಲ್ಸಿಯಂ ಮಾತ್ರೆ ಶೆಲ್ಕಾಲ್, ಹಿಂದೆಯೇ ಒಂದು ಲೋಟ ಫಿಲ್ಟರ್ ಕಾಫಿ. "ಒಂದೇ ಸಲ ನುಂಗಿಬಿಟ್ರೆ ಮರೆಯೋದಿಲ್ಲ ನೋಡು" ಅನ್ನುತ್ತಿದ್ದರು. ಕ್ಲಿನಿಕ್ಕಿನಲ್ಲಿ ಬೇರೆ ಯಾರಿಗೋ ಹೇಳುತ್ತಿದ್ದುದು ಕಿವಿಗೆ ಬಿದ್ದಿತ್ತು: ಥೈರಾಯ್ಡ್ ಮಾತ್ರೆ ಖಾಲಿ ಹೊಟ್ಟೆಗೆ, ತಿಂಡಿ-ಕಾಫಿಗೆ ಅರ್ಧ ಗಂಟೆಯಿಂದ ಒಂದು ಗಂಟೆ ಮೊದಲು. ಕ್ಯಾಲ್ಸಿಯಂ ಮಾತ್ರೆಗೂ ಅದಕ್ಕೂ ನಾಲ್ಕು ಗಂಟೆ ಅಂತರ ಬೇಕು, ಇಲ್ಲದಿದ್ದರೆ ಥೈರಾಯ್ಡ್ ಔಷಧಿ ಮೈಗೆ ಸರಿಯಾಗಿ ಹತ್ತುವುದಿಲ್ಲ. ಅಜ್ಜಿಯ ಡಾಕ್ಟರಿಗೆ ಫೋನ್ ಮಾಡಿ ಕೇಳಿ, ಶೆಲ್ಕಾಲನ್ನು ರಾತ್ರಿ ಊಟಕ್ಕೆ ಬದಲಾಯಿಸಿದೆವು. ಅಜ್ಜಿ ಮಾತ್ರೆಗೆ ಒಪ್ಪಿದರು, ಕಾಫಿ ತಡವಾದದ್ದಕ್ಕೆ ಒಂದು ವಾರ ಗೊಣಗಿದರು.

ಪರ್ಸನಲ್ ಎಸ್ಸೇಗೆ ಇದನ್ನೇ ಬರೆದೆ. ಜಾಗ ಇರುವುದು ಸ್ಪೇಸ್ ಎಲ್ಲ ಸೇರಿ 4,500 ಅಕ್ಷರ. ಚಿಕ್ಕಂದಿನಿಂದ ವಿಜ್ಞಾನ ಇಷ್ಟ, ಜನಸೇವೆ ಮಾಡುವಾಸೆ ಅಂತ ಶುರುಮಾಡಿದರೆ ಅರ್ಧ ಜಾಗ ಅದಕ್ಕೇ ಹೋಗುತ್ತದೆ. ಅಜ್ಜಿ, ಎರಡು ಮಾತ್ರೆ, ಕಾಫಿ, ನಾನು ಏನು ಕೇಳಿದೆ, ಯಾರನ್ನು ಕೇಳಿದೆ. ಅಷ್ಟೇ. ಇಂಟರ್‌ವ್ಯೂಗಳಲ್ಲಿ ಅದರ ಬಗ್ಗೆಯೇ ಮಾತು ಬಂತು.

ಶಿಫಾರಸು ಪತ್ರದಲ್ಲಿ ಬೇಗ ಅರ್ಜಿ ಹಾಕುವವರಿಗೆ ಒಂದು ತೊಂದರೆ ಇದೆ. ಮೊದಲ ವರ್ಷದ ಕ್ಲಾಸುಗಳಲ್ಲಿ ನೂರಾರು ಜನ, ಪ್ರೊಫೆಸರ್‌ಗೆ ನಿಮ್ಮ ಮುಖವೇ ಗೊತ್ತಿರುವುದಿಲ್ಲ. ಹಾಗಾಗಿ ಜನರಲ್ ಕೆಮಿಸ್ಟ್ರಿಯ ಪ್ರೊಫೆಸರ್ ಆಫೀಸ್ ಅವರ್ಸ್‌ಗೆ ಮೊದಲ ತಿಂಗಳಿನಿಂದಲೇ ಹೋಗುತ್ತಿದ್ದೆ. ಸುಮ್ನೆ ಮುಖ ತೋರಿಸಲು ಅಲ್ಲ, ಬಿಡಿಸಲಾಗದ ಲೆಕ್ಕ ಹಿಡಿದುಕೊಂಡು. ಇನ್ನೊಂದು ಪತ್ರ ಕ್ಲಿನಿಕ್ಕಿನ ಫಾರ್ಮಸಿಸ್ಟ್ ಬರೆದುಕೊಟ್ಟರು. ಇಬ್ಬರಿಗೂ ಮೇ ತಿಂಗಳಲ್ಲೇ ಹೇಳಿಟ್ಟಿದ್ದೆ.

ಅರ್ಜಿ ತುಂಬುವಾಗ ತಲೆನೋವು ಅಂದರೆ ಕೋರ್ಸುಗಳ ಪಟ್ಟಿ. ಟ್ರಾನ್ಸ್‌ಕ್ರಿಪ್ಟ್ ಪಕ್ಕದಲ್ಲಿ ಇಟ್ಟುಕೊಂಡು ಪ್ರತಿ ಕೋರ್ಸಿನ ಕೋಡ್, ಹೆಸರು, ಕ್ರೆಡಿಟ್, ಗ್ರೇಡ್ ಎಲ್ಲವನ್ನೂ ನಾವೇ ಹೊಡೆಯಬೇಕು. ಲ್ಯಾಬ್‌ಗೆ ಬೇರೆ ಗ್ರೇಡ್ ಇದ್ದರೆ ಅದಕ್ಕೆ ಬೇರೆ ಸಾಲು. ಆಮೇಲೆ ಅವರು ಕೂತು ಮೂಲ ಟ್ರಾನ್ಸ್‌ಕ್ರಿಪ್ಟ್‌ಗೆ ಹೋಲಿಸಿ ನೋಡುತ್ತಾರೆ. ಅದು ಕಾಲೇಜಿನಿಂದಲೇ ನೇರವಾಗಿ ಅವರಿಗೆ ಹೋಗಬೇಕು. ಟೆಕ್ಸಾಸಿನ ಹೈಸ್ಕೂಲಿನಲ್ಲಿ ಓದಿದವರು ಇಲ್ಲಿ ಎಚ್ಚರ. ಹೈಸ್ಕೂಲಿನಲ್ಲಿದ್ದಾಗಲೇ ಕಮ್ಯುನಿಟಿ ಕಾಲೇಜಿನಿಂದ ಡ್ಯುಯಲ್ ಕ್ರೆಡಿಟ್, ಅಂದರೆ ಹೈಸ್ಕೂಲಿಗೂ ಕಾಲೇಜಿಗೂ ಲೆಕ್ಕಕ್ಕೆ ಬರುವ ಕೋರ್ಸು, ತೆಗೆದುಕೊಂಡಿರುತ್ತೀರಿ. ಆ ಕ್ರೆಡಿಟ್ ಯೂನಿವರ್ಸಿಟಿ ಟ್ರಾನ್ಸ್‌ಕ್ರಿಪ್ಟ್‌ನಲ್ಲಿ ಕಾಣುತ್ತದೆ ಅಂತ ಬಿಡುವ ಹಾಗಿಲ್ಲ, ಆ ಕಾಲೇಜಿನಿಂದಲೂ ಬೇರೆಯಾಗಿ ಕಳಿಸಬೇಕು. ನನ್ನದು ಕಳಿಸಿದ್ದೇವೆ ಅಂತ ಅವರು, ಬಂದಿಲ್ಲ ಅಂತ ಇವರು, ವಾರಗಟ್ಟಲೆ ನಡೆಯಿತು. ಕೊನೆಗೆ ನಾನೇ ಕೌಂಟರಿಗೆ ಹೋಗಿ ನಿಂತು ಇನ್ನೊಮ್ಮೆ ಕಳಿಸಿಸಿದೆ. ಹೆಚ್ಚಿನ ಕಡೆ ಅರ್ಜಿ ಬಂದ ಹಾಗೆ ನೋಡಿ ಸೀಟು ಕೊಡುತ್ತಾ ಹೋಗುತ್ತಾರೆ, ಹಾಗಾಗಿ ಕೊನೆಯ ದಿನಾಂಕ ವಸಂತದಲ್ಲಿದ್ದರೂ ಆಗಸ್ಟಿನೊಳಗೆ ಎಲ್ಲ ಕಾಗದ ಸೇರುವುದೇ ಒಳ್ಳೆಯದು.

ಇನ್ನೊಂದು ಮಾತು ಸ್ವಲ್ಪ ಖಾರವಾಗಿಯೇ ಹೇಳುತ್ತೇನೆ. ದೇಶದಲ್ಲಿ ಸುಮಾರು 140 ಫಾರ್ಮಸಿ ಕಾಲೇಜುಗಳಿವೆ, ಅರ್ಜಿ ಹಾಕುವವರು ಹತ್ತು ವರ್ಷದ ಹಿಂದಿಗಿಂತ ಕಡಿಮೆಯಾಗಿದ್ದಾರೆ. ಸೀಟು ಸಿಗುವುದು ಈಗ ಅಷ್ಟು ದೊಡ್ಡ ವಿಷಯವಲ್ಲ. ಅದಕ್ಕೇ, ಬೇಗ ಸೀಟು ಕೊಟ್ಟು ಬೇಗ ಡೆಪಾಸಿಟ್ ಕಟ್ಟಿ ಅನ್ನುವ ಕಾಲೇಜಿಗೆ ಮರುಳಾಗಬೇಡಿ. ಲೈಸೆನ್ಸಿಗೆ ಬರೆಯುವ ನ್ಯಾಪ್ಲೆಕ್ಸ್ ಪರೀಕ್ಷೆಯಲ್ಲಿ ಯಾವ ಕಾಲೇಜಿನಿಂದ ಮೊದಲ ಸಲಕ್ಕೇ ಎಷ್ಟು ಜನ ಪಾಸಾದರು ಅನ್ನುವ ಪಟ್ಟಿ ಎಲ್ಲರಿಗೂ ಸಿಗುತ್ತದೆ. ನಾನು ಬ್ರೋಷರ್ ಬದಿಗಿಟ್ಟು ಅದನ್ನು ನೋಡಿದೆ, ಪಟ್ಟಿಯಿಂದ ಕೆಲವು ಹೆಸರು ಹೊಡೆದುಹಾಕಿದೆ. ಫಾರ್ಮಸಿ ಕೋರ್ಸುಗಳಿಗೆ ಮಾನ್ಯತೆ ಕೊಡುವ ಎಸಿಪಿಇ ಸಂಸ್ಥೆಯ ಮಾನ್ಯತೆ ಪೂರ್ತಿ ಇದೆಯಾ ಅಂತಲೂ ನೋಡಿ.

ಮೈಸೂರಿನಲ್ಲಿ ಬಿ.ಫಾರ್ಮ್ ಮಾಡುತ್ತಿರುವ ನನ್ನ ಕಸಿನ್ ಕೇಳುತ್ತಿದ್ದಳು, ಅಲ್ಲಿ ಮುಗಿಸಿ ಇಲ್ಲಿ ನೇರವಾಗಿ ಪರೀಕ್ಷೆ ಬರೆಯಬಹುದಾ ಅಂತ. ಆಗುವುದಿಲ್ಲ. ವಿದೇಶದಲ್ಲಿ ಓದಿದವರ ಎಫ್‌ಪಿಜಿಇಇ ಪರೀಕ್ಷೆಗೆ 2003ರಿಂದೀಚೆಗೆ ಪಾಸಾದವರಿಗೆ ಐದು ವರ್ಷದ ಕೋರ್ಸ್ ಆಗಿರಬೇಕು, ನಮ್ಮ ಬಿ.ಫಾರ್ಮ್ ನಾಲ್ಕೇ ವರ್ಷ. ಊರಿನಲ್ಲೇ ಓದಿ ಇಲ್ಲಿಗೆ ಬರುವ ಯೋಚನೆ ಇರುವವರು ಸಿಇಟಿ ಆಯ್ಕೆ ತುಂಬುವಾಗಲೇ ಆರು ವರ್ಷದ ಫಾರ್ಮ್.ಡಿ ಕಡೆ ನೋಡಬೇಕು.

ಸೀಟು ಸಿಕ್ಕ ಮೇಲೂ ಓದು ನಿಲ್ಲಿಸುವ ಹಾಗಿಲ್ಲ. ನನಗೆ ಕೊಟ್ಟಿದ್ದು ಷರತ್ತಿನ ಸೀಟು. ಉಳಿದ ಆರ್ಗ್ಯಾನಿಕ್, ಮೈಕ್ರೋ ಎಲ್ಲ ಮೇ ಒಳಗೆ ಒಳ್ಳೆಯ ಗ್ರೇಡಿನಲ್ಲಿ ಮುಗಿಸಿ ಮತ್ತೆ ಟ್ರಾನ್ಸ್‌ಕ್ರಿಪ್ಟ್ ಕಳಿಸಬೇಕಿತ್ತು. ಜೊತೆಗೆ ಬ್ಯಾಕ್‌ಗ್ರೌಂಡ್ ಚೆಕ್, ಲಸಿಕೆಗಳ ದಾಖಲೆ. ಅಮ್ಮ ಮೈಸೂರಿನ ಮಕ್ಕಳ ಡಾಕ್ಟರ್ ಕೊಟ್ಟಿದ್ದ ಹಳೆಯ ಕಾರ್ಡನ್ನು ಟ್ರಂಕಿನಿಂದ ತೆಗೆದುಕೊಟ್ಟರು, ಅರ್ಧ ಸೀಲು ಅಳಿಸಿಹೋಗಿತ್ತು. ಹೆಪಟೈಟಿಸ್ ಬಿ, ದಡಾರ ಇವಕ್ಕೆ ರಕ್ತಪರೀಕ್ಷೆ ಮಾಡಿಸಿ ತೋರಿಸಿದರಾಯಿತು. ಟಿಬಿ ಪರೀಕ್ಷೆಗೆ ಮಾತ್ರ ಮೊದಲೇ ಹೇಳಿಬಿಡಿ: ಊರಿನಲ್ಲಿ ಬಿಸಿಜಿ ಹಾಕಿಸಿಕೊಂಡವರಿಗೆ ಚರ್ಮದ ಪರೀಕ್ಷೆಯಲ್ಲಿ ರೋಗ ಇಲ್ಲದಿದ್ದರೂ ಪಾಸಿಟಿವ್ ಬರಬಹುದು. ರಕ್ತದ ಪರೀಕ್ಷೆಯೇ ಮಾಡಿ ಅಂತ ಕೇಳಿ, ಎಕ್ಸ್-ರೇಗೆ ಓಡಾಡುವುದು ತಪ್ಪುತ್ತದೆ.