ಹೆವಿ ಒಂದನ್ನೇ ಹಿಡಿದು ಕೂತೆ

ಹೆವಿ ಎಂಬ ಒಂದೇ ಇಂಗ್ಲಿಷ್ ಶಬ್ದವನ್ನು ತಿಂಗಳಿಡೀ ಕಲಿಸುತ್ತೇನೆ ಅಂದಾಗ, ಒಂದು ಶಬ್ದಕ್ಕೆ ಒಂದು ತಿಂಗಳಾ, ಫೀಸು ಕೊಟ್ಟವರು ಸುಮ್ನಿರ್ತಾರಾ ಮಾರಾಯ ಎಂದು ಕುಮಟಾ ಕಡೆ ಟ್ಯೂಷನ್ ನಡೆಸುವ ಗೆಳೆಯರು ನಕ್ಕಿದ್ದರು. ಕಾರವಾರದ ನನ್ನ ಸ್ಪೋಕನ್ ಇಂಗ್ಲಿಷ್ ಕ್ಲಾಸಿನಲ್ಲಿ ಈಗ ಸಂಜೆ ಬ್ಯಾಚಿಗೆ ಕುರ್ಚಿ ಸಾಲುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ನನ್ನದೂ ಎಲ್ಲರ ದಾರಿಯೇ. ಹೆವಿ ಎಂದರೆ ಭಾರವಾದ, ಜೋರಾದ, ವಿಪರೀತ ಎಂದು ಪುಸ್ತಿಕೆ ಅಚ್ಚು ಹಾಕಿಸಿದೆ. 12 ಸಾವಿರದ ಹತ್ತಿರ ಹೋಯಿತು, ಅರ್ಧಕ್ಕರ್ಧ ರದ್ದಿಗೆ ಬಿತ್ತು. ಹುಡುಗರು ಬಾಯಿಪಾಠ ಮಾಡಿ ಬಂದು ಹೆವಿ ವಿಂಡ್, ಹೆವಿ ಫೀವರ್, ಹೆವಿ ಟೀ ಅಂದರು. ಅನ್ನದೆ ಏನು ಮಾಡ್ತಾರೆ? ನಮಗೆ ಮಳೆಯೂ ಜೋರು, ಗಾಳಿಯೂ ಜೋರು, ಜ್ವರವೂ ಜೋರು. ಇಂಗ್ಲಿಷಿನವರಿಗೆ ಮಳೆ ಹೆವಿ, ಗಾಳಿ ಸ್ಟ್ರಾಂಗ್, ಜ್ವರ ಹೈ. ಚಹಾ ಕೂಡ ಸ್ಟ್ರಾಂಗೇ.

ಆಮೇಲೆ ಅರ್ಥ ಹೇಳುವುದನ್ನೇ ಬಿಟ್ಟೆ. ಹೆವಿ ಯಾವುದರ ಪಕ್ಕ ಕೂತಿದೆ ನೋಡಿ, ಜೋಡಿ ಸಮೇತ ಬರೆದು ತನ್ನಿ ಅಂದೆ. ಕುಮಟಾ-ಶಿರಸಿ ದಾರಿಯ ದೇವಿಮನೆ ಘಟ್ಟದ ಸುದ್ದಿಯಿಂದ ಹೆವಿ ವೆಹಿಕಲ್ ಬಂತು. ಲಾರಿ ಓಡಿಸುವವನೊಬ್ಬ ಎದ್ದು ನಿಂತು, ಸರಕಿನ ಗಾಡಿಯ ಒಟ್ಟು ತೂಕ 12,000 ಕಿಲೋ ದಾಟಿದರೆ ಕಾನೂನಿನ ಲೆಕ್ಕದಲ್ಲಿ ಹೆವಿ ಎಂದ. ಅವತ್ತು ಮೇಷ್ಟ್ರು ಅವನೇ. ಹವಾಮಾನ ಇಲಾಖೆಗೆ ದಿನಕ್ಕೆ 64.5 ಮಿ.ಮೀ. ಬಿದ್ದರೆ ಹೆವಿ, 115.6ರಿಂದ ವೆರಿ ಹೆವಿ, 204.5 ಮುಟ್ಟಿದರೆ ಎಕ್ಸ್‌ಟ್ರೀಮ್ಲಿ ಹೆವಿ. ಆಷಾಢದಲ್ಲಿ ನಮ್ಮವರು ಮೊದಲನೆಯದನ್ನು ಮಳೆ ಅಂತ ಲೆಕ್ಕಕ್ಕೇ ಹಿಡಿಯುವುದಿಲ್ಲ ಬಿಡಿ. ಮಲ್ಲಾಪುರದ ಹುಡುಗಿ ಕೈಗಾ ಅಣುವಿದ್ಯುತ್ ಸ್ಥಾವರದ ಹೆವಿ ವಾಟರ್ ತಂದಳು. ಡ್ಯೂಟೀರಿಯಂ ಎಂಬ ಭಾರದ ಹೈಡ್ರೋಜನ್ ಇರುವ ನೀರು, ಸಾದಾ ನೀರಿಗಿಂತ ನೂರಕ್ಕೆ ಹತ್ತು ಪಾಲಿಗೂ ತುಸು ಹೆಚ್ಚೇ ಭಾರ.

ಅಲ್ಲಿಂದ ಮುಂದೆ ಮಜಾ. ಹೆವಿ ಸ್ಮೋಕರ್ ಕಡ್ಡಿಯಂತಿದ್ದರೂ ಹೆವಿಯೇ, ಲೆಕ್ಕ ಬೀಡಿಯದ್ದು, ಮೈಯದ್ದಲ್ಲ. ಹೆವಿ ಸ್ಲೀಪರ್ ಹೆಚ್ಚು ಹೊತ್ತು ಮಲಗುವವನಲ್ಲ, ಎಬ್ಬಿಸಿದರೂ ಏಳದವನು. ಇದನ್ನು ಹೇಳಿದ ದಿನ ಕ್ಲಾಸಿನಲ್ಲಿ ಒಬ್ಬೊಬ್ಬರೂ ತಮ್ಮ ಮನೆಯವರ ಹೆಸರು ಹೇಳಿದ್ದೇ ಹೇಳಿದ್ದು. ಮಳೆ ‘ಹೆವಿ’ ಬರುವುದಿಲ್ಲ, ‘ಹೆವಿಲಿ’ ಬರುತ್ತದೆ ಎಂಬುದಕ್ಕೆ ಐದು ನಿಮಿಷ ಸಾಕಾಯಿತು.

ನಡುವೆ ಲೈಟ್ ಶಬ್ದವನ್ನು ಎದುರು ನಿಲ್ಲಿಸಿ ನೋಡಿದೆ. ಮಳೆ, ಟ್ರಾಫಿಕ್, ಸ್ಲೀಪರ್ ತನಕ ಸರಿಹೋಯಿತು. ಹೆವಿ ಆಕ್ಸೆಂಟಿಗೆ, ಅಂದರೆ ಎದ್ದು ಕೇಳುವ ಉಚ್ಚಾರದ ಧಾಟಿಗೆ, ಬಂದಾಗ ಕೈಕೊಟ್ಟಿತು, ಅಲ್ಲಿ ಸ್ಲೈಟ್ ಬೇಕು. ಹೆವಿಯ ಹಾಗೇ ನೈಸ್ ಶಬ್ದವನ್ನು ಹಿಡಿದು ನೋಡಿದೆ, ಒಂದೆರಡು ವಾರ ದಂಡವಾಯಿತು. ಅದು ಎಲ್ಲದರ ಪಕ್ಕವೂ ಕೂರುತ್ತದೆ, ಹುಡುಕುವುದೇನು ಬಂತು? ಸ್ಟ್ರಾಂಗ್ ಮಾತ್ರ ಚೆನ್ನಾಗಿ ಒಗ್ಗಿತು.

ಖರ್ಚು ಈಗ ತಿಂಗಳಿಗೆ ಜೆರಾಕ್ಸಿನ ಇನ್ನೂರು ಮುನ್ನೂರು, ಅಷ್ಟೇ. ಫೀಸು ಆರುನೂರಿದ್ದದ್ದು ಎಂಟುನೂರಾಗಿದೆ, ಯಾರೂ ತಕರಾರು ತೆಗೆದಿಲ್ಲ. ಅಂದು ನಕ್ಕವರಲ್ಲೇ ಒಬ್ಬರು ಮೊನ್ನೆ ಜೋಡಿಗಳ ಹಾಳೆ ಕೇಳಿದರು, ಕಳಿಸಿದ್ದೇನೆ. ಯಾವ ಜೋಡಿ ಯಾವುದರ ನಂತರ, ಕೊನೇ ವಾರ ಬಾಯಿಪರೀಕ್ಷೆ ಹೇಗೆ ಎಂಬುದನ್ನು ಮಾತ್ರ ಕಳಿಸಿಲ್ಲ.